ನೀಲಿಯೊಳಗಣ ಕೆಂಪು

ಪೂರ್ವರಾಗದ ಭೇದಗಳನ್ನು ಎಣಿಸುವಲ್ಲಿ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಬಣ್ಣಗಾರರ ಅಂಗಳಕ್ಕೆ ಇಳಿದು ಬರುವನು. ಕುಸುಬೆಯ ಬಣ್ಣವು ಕಣ್ಣಿಗೆ ಹೊಳೆಯುವದು, ಆದರೆ ನಿಲ್ಲದು. ಮಂಜಿಷ್ಠದ ಬಣ್ಣವು ಹೊಳೆಯುವದೂ ಅಹುದು, ನಿಲ್ಲುವದೂ ಅಹುದು. ನೀಲಿಯಾದರೋ ಹೆಚ್ಚಾಗಿ ಹೊಳೆಯದು, ಆದರೆ ಹಿಡಿದ ಅರಿವೆಯನ್ನು ಬಿಡದು. ಮನುಷ್ಯರ ಪ್ರೀತಿಯೂ ಹೀಗೆಯೇ ಮೂರು ತೆರನಾದುದೆಂದು ಅವನ ಮತ. ಗ್ರಂಥದಲ್ಲಿ ಇದು ನಾಯಕನಾಯಿಕೆಯರ ವಿಷಯವಾಗಿ ಬಂದ ಮಾತು. ಆದರೆ ಬೈಲಹೊಂಗಲದ ಒಂದು ನೀಲಗಾರರ ಮನೆಯಲ್ಲಿ ಇದೇ ಮಾತು ಶಾಸ್ತ್ರದ ಗಂಧವಿಲ್ಲದೆ ಬದುಕಿನ ನೇಮವಾಗಿ ನಡೆದುಕೊಂಡು ಬಂದಿತ್ತು.

ಆ ಮನೆಯ ಹಿತ್ತಲಿನಲ್ಲಿ ಕಂಠಮಟ್ಟ ನೆಲದಲ್ಲಿ ಹುಗಿದ ನಾಲ್ಕು ದೊಡ್ಡ ಗಡಿಗೆಗಳಿದ್ದವು. ಸುಣ್ಣ, ಬೆಲ್ಲ, ತಗಚೆಯ ಬೀಜ ಇವುಗಳೊಡನೆ ನೀಲಿಯನ್ನು ಕೊಳೆಹಾಕಿ ಹುಳಿಯಿಸುತ್ತಿದ್ದರು. ನೀರಿನಲ್ಲಿ ಕರಗದ ನೀಲಿಯು ಆ ಹುಳಿತದಲ್ಲಿ ತನ್ನ ಬಣ್ಣವನ್ನು ಕಳೆದುಕೊಂಡು ಹಳದಿಹಸಿರಾಗಿ ಕರಗುವದು. ಅದರಲ್ಲಿ ಅದ್ದಿದ ನೂಲನ್ನು ಹೊರಗೆಳೆದರೆ ಮೊದಲು ಎಳೆಯ ಎಲೆಯ ಬಣ್ಣ. ಗಾಳಿ ತಗಲಿದಂತೆ ಕ್ಷಣಕ್ಷಣಕ್ಕೆ ಕಪ್ಪಾಗುತ್ತ ಹೋಗಿ ಕೊನೆಗೆ ಮುಗಿಲಿನ ನೀಲಿ. ರಾಮದುರ್ಗ, ಸುರೇಬಾನಗಳ ಕಡೆಯ ನೇಕಾರರು ನೂಲಿನ ಲಡಿಗಳನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದು ಇಲ್ಲಿ ಅದ್ದಿಸಿ ಒಯ್ಯುತ್ತಿದ್ದರು. ಗಡಿಗೆಗಳ ಹಿಂದಿನ ಗೋಡೆಯ ಮೇಲೆ ಸುಣ್ಣದ ಗೆರೆಗಳು ಸಾಲುಸಾಲಾಗಿರುತ್ತಿದ್ದವು. ಅದ್ದಿದ ನೂಲನ್ನು ತೊಳೆದಾಗ ನೀರು ತಿಳಿಯಾಗಿ ಉಳಿದರೆ ಉದ್ದಗೆರೆ; ನೀರಿಗೆ ಬಣ್ಣ ಬಿಟ್ಟರೆ ಅಡ್ಡಗೆರೆ. ಈ ಗೆರೆಗಳನ್ನು ಎಳೆಯುತ್ತಿದ್ದವನು ಮನೆಯ ಯಜಮಾನನೇ. ಅವನ್ನು ನೋಡುತ್ತಿದ್ದವರು ಕೊಳ್ಳುವವರು. ಅಡ್ಡಗೆರೆಗಳನ್ನು ಆ ಯಜಮಾನನು ಅಳಿಸಿದ್ದನ್ನು ಯಾರೂ ಕಂಡವರಿಲ್ಲ.

ಆದರೆ ಕಾಲವು ಗಡಿಗೆಗಳಿಗೆ ಅನುಕೂಲವಾಗಲಿಲ್ಲ. ಜರ್ಮನಿಯ ಬಾಯರ್ ಎಂಬ ರಸಾಯನಶಾಸ್ತ್ರಜ್ಞನು ನೀಲಿಯ ಒಳರಚನೆಯನ್ನು ೧೮೮೩ರಲ್ಲಿ ಬಿಡಿಸಿ ತೋರಿಸಿದನು. ೧೮೯೭ರಲ್ಲಿ ಅಲ್ಲಿಯ ಕಾರಖಾನೆಯ ನೀಲಿಯು ಜಗತ್ತಿನ ಪೇಟೆಗೆ ಬಂದಿತು. ಹಿಂದುಸ್ಥಾನದ ನೀಲಿಯ ಬೆಳೆಯು ಕೆಲವು ವರ್ಷಗಳಲ್ಲಿಯೇ ಕುಗ್ಗಿಹೋಯಿತು. ಬೈಲಹೊಂಗಲದ ಗಡಿಗೆಗಳು ಡಬ್ಬಿಯ ನೀಲಿಯನ್ನು ಕುಡಿದು ಮತ್ತಷ್ಟು ದಿನ ಬಾಳಿದವು. ಗಿರಣಿಯಲ್ಲಿಯೇ ಬಣ್ಣ ಕಟ್ಟಿದ ನೂಲು ಬಂದ ಮೇಲೆ ಅವೂ ಬರಿದಾದವು. ಈಗ ಆ ಮನೆಯಲ್ಲಿ ಆ ಕಾಲವನ್ನು ಕಣ್ಣಿನಿಂದ ಕಂಡವಳು ಒಬ್ಬಳೇ ಮುದುಕಿ. ಎಂಬತ್ತೆರಡು ವರ್ಷದ ಆಕೆಯ ಮುಖದ ತುಂಬ ಸಿಡುಬಿನ ಕಲೆಗಳು. ಸಿಡುಬಿಗೆ ಈ ಭಾಗದ ಜನರು ‘ದೇವಿ’ ಎಂದೇ ಅನ್ನುತ್ತಿದ್ದರು. ಅದರ ತಡೆಗಾಗಿ ತೋಳಿನ ಮೇಲೆ ಗೀರು ಹಾಕಿಸಿಕೊಳ್ಳುವದೂ ‘ದೇವಿ ಹಾಕಿಸಿಕೊಳ್ಳುವದೇ’. ಬೇನೆಗೂ ಅದರ ಪರಿಹಾರಕ್ಕೂ ಒಂದೇ ಹೆಸರು!

ಈ ಮುದುಕಿಯ ಮೊಮ್ಮಗನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ನಿಂತಿರುವ ತರುಣನು. ೧೯೪೯ರಲ್ಲಿ ಸ್ಥಾಪನೆಗೊಂಡ ಆ ವಿದ್ಯಾಪೀಠದಲ್ಲಿ ವಿಷಮಚಕ್ರೀಯ ದ್ರವ್ಯಗಳ ಅಭ್ಯಾಸವು ಹಳೆಯದು, ಜಿ. ಎಸ್. ಪುರಾಣಿಕ, ಬಿ. ವಿ. ಬಾದಾಮಿ ಮೊದಲಾದವರು ಸಿಡ್ನೋನ್ ಎಂಬ ದ್ರವ್ಯಕುಲದ ಮೇಲೆ ದುಡಿದವರು. ವಿಷಮಚಕ್ರವೆಂಬ ಹೆಸರನ್ನು ಕೇಳಿ ವಾಚಕರು ಬೆದರಬೇಕಾಗಿಲ್ಲ. ಇಂಗಾಲದ ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ಉಂಗುರವಾಗಿ ನಿಲ್ಲುವದುಂಟು. ಆ ಉಂಗುರದಲ್ಲಿ ಒಂದು ಇಂಗಾಲದ ತಾಣದಲ್ಲಿ ಸಾರಜನಕವೋ ಆಮ್ಲಜನಕವೋ ಗಂಧಕವೋ ಬಂದು ಕೈಗೂಡಿಸಿದರೆ ಅದು ವಿಷಮಚಕ್ರ. ಒಂದೇ ಜಾತಿಯ ಮಣಿಗಳ ಸರದಲ್ಲಿ ಬೇರೆ ಜಾತಿಯ ಮಣಿಯೊಂದನ್ನು ಪೋಣಿಸಿದಂತೆ. ಕ್ವಿನೀನಿನಲ್ಲಿ, ಪೆನಿಸಿಲಿನ್ನಿನಲ್ಲಿ, ಅನೇಕ ಜೀವಸತ್ವಗಳಲ್ಲಿ, ಇಂದಿನ ಔಷಧಗಳಲ್ಲಿ ಬಹುಭಾಗದಲ್ಲಿ ಇಂಥ ಉಂಗುರಗಳಿರುವವು.

ಭಾರತ ಹುಣ್ಣಿಮೆಯ ದಿನ ಮನೆಯವರೆಲ್ಲರೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿದ್ದರು. ಆ ಸಂಜೆ ತರುಣನು ಧಾರವಾಡದಿಂದ ಬಂದನು. ಅವನ ಮುಖದಲ್ಲಿ ಹಬ್ಬದ ಕಳೆಯಿರಲಿಲ್ಲ. ಊಟವಾದ ಬಳಿಕ ಮುದುಕಿಯ ಹತ್ತಿರ ಕುಳಿತು, ಜೇಬಿನಿಂದ ಬಿಗಿಯಾಗಿ ಮುಚ್ಚಿದ ಚಿಕ್ಕ ಗಾಜಿನ ಶೀಶೆಯೊಂದನ್ನು ತೆಗೆದು ದೀಪಕ್ಕೆ ಹಿಡಿದನು. ಒಳಗೆ ಕಿತ್ತಳೆಗೆಂಪಿನ ಹರಳುಗಳಿದ್ದವು.

“ಇದೇನೋ ತಮ್ಮಾ, ಕುಂಕುಮ ಕಂಡಾಂಗ ಕಾಣತೈತಿ?”

“ಕುಂಕುಮ ಅಲ್ಲ ಆಯಿ. ನಿಮ್ಮ ಮಾವನ ಗಡಿಗ್ಯಾಗ ಇತ್ತಲ್ಲ ನೀಲಿ, ಅದರ ಹೊಟ್ಟ್ಯಾಗಿಂದು.”

“ನೀಲಿ ಹೊಟ್ಟ್ಯಾಗ ಕೆಂಪು ಇರತೈತೇನು! ಇದನ್ನ ಅರಿವಿಗೆ ಹಾಕತಾರೇನು?”

“ಇಲ್ಲ.”

“ಹಂಗಾದರ ಔಷಧೇನು?”

“ಔಷಧನೂ ಅಲ್ಲ.”

“ಮತ್ತ ಏನಂತ ಇಟಗೊಂಡೀದಿ?”

“ನಡಕಿಂದು ಆಯಿ. ಔಷಧ ಮಾಡೂ ಹಾದ್ಯಾಗ ನಡಕ ಬರೂದು.”

ಅವನು ಹೇಳಿದ್ದು ನಿಜವೇ ಆಗಿತ್ತು. ಆ ಹರಳಿಗೆ ಐಸಾಟಿನ್ ಎಂದು ಹೆಸರು. ೧೮೪೦ರಲ್ಲಿ ಜರ್ಮನಿಯ ಎರ್ಡ್‌ಮನ್, ೧೮೪೧ರಲ್ಲಿ ಫ್ರಾನ್ಸಿನ ಲೊರಾಂ, ಇಬ್ಬರೂ ಬೇರೆಬೇರೆಯಾಗಿ ನೀಲಿಯನ್ನು ಉಗ್ರವಾದ ಆಮ್ಲಗಳಿಂದ ಉತ್ಕರ್ಷಿಸಿ ಇದನ್ನು ಪಡೆದರು. ಇದರ ಲೆಕ್ಕವು ಮಕ್ಕಳಿಗೂ ತಿಳಿಯುವಷ್ಟು ಸರಳವಾಗಿದೆ. ನೀಲಿಯ ಒಂದು ಅಣುವಿನಲ್ಲಿ ೧೬ ಇಂಗಾಲ, ೧೦ ಜಲಜನಕ, ೨ ಸಾರಜನಕ, ೨ ಆಮ್ಲಜನಕ. ಅದಕ್ಕೆ ಇನ್ನೆರಡು ಆಮ್ಲಜನಕಗಳನ್ನು ಕೂಡಿಸಿ ನಡುವೆ ಸೀಳಿದರೆ ಸರಿಯಾಗಿ ಎರಡು ಹೋಳುಗಳು. ಒಂದೊಂದರಲ್ಲಿ ೮ ಇಂಗಾಲ, ೫ ಜಲಜನಕ, ೧ ಸಾರಜನಕ, ೨ ಆಮ್ಲಜನಕ. ಈ ಹೋಳೇ ಐಸಾಟಿನ್. ಕಡಲೆಯ ಕಾಳು ಎರಡು ಬೇಳೆಯಾದಂತೆ ನೀಲಿಯು ಎರಡು ಕೆಂಪಾಗುವದು.

ಈಗಿನ ದಿನಗಳಲ್ಲಿ ಇದನ್ನು ನೀಲಿಯಿಂದಲೇ ಪಡೆಯಬೇಕೆಂದಿಲ್ಲ. ೧೯೧೯ರಲ್ಲಿ ಸ್ಯಾಂಡ್‌ಮಾಯರ್ ಎಂಬವನು ತೋರಿಸಿದ ಕ್ರಮದಿಂದ ಅನಿಲೀನ್ ಎಂಬ ದ್ರವದಿಂದ ಮಾಡುವ ರೂಢಿಯುಂಟು. ಆದರೆ ಹೆಸರಿನ ಬೇರನ್ನು ಅಗೆದು ನೋಡಿದರೆ ಅಲ್ಲಿಯೂ ನೀಲಿಯೇ ಸಿಗುವದು. ಸಂಸ್ಕೃತದ ‘ನೀಲ’ ಶಬ್ದವು ಪಾರಸಿ ಅರಬ್ಬಿಗಳ ದಾರಿಯಿಂದ ಪೋರ್ತುಗೀಜರ ಬಾಯಲ್ಲಿ ‘ಅನಿಲ್’ ಆಯಿತು. ೧೮೨೬ರಲ್ಲಿ ನೀಲಿಯನ್ನು ಬಟ್ಟಿಯಿಳಿಸಿ ಮೊದಲು ಪಡೆದ ಆ ದ್ರವಕ್ಕೆ ಮುಂದೆ ಆ ಅನಿಲ್ ಎಂಬುದರಿಂದಲೇ ಅನಿಲೀನ್ ಎಂಬ ಹೆಸರು ನಿಂತಿತು.

ಐಸಾಟಿನ್ನಿನಲ್ಲಿ ಆರು ಮಣಿಯ ಇಂಗಾಲದ ಉಂಗುರಕ್ಕೆ ಐದು ಮಣಿಯ ಇನ್ನೊಂದು ಉಂಗುರವು ಅಂಟಿರುವದು. ಈ ಎರಡನೆಯದರಲ್ಲಿ ಸಾರಜನಕವಿರುವದು. ಅದರಲ್ಲಿ ಒಂದರ ಬದಿಗೊಂದಿರುವ ಎರಡು ಇಂಗಾಲಗಳು ಒಂದೊಂದು ಆಮ್ಲಜನಕವನ್ನು ಹೊತ್ತಿರುವವು. ಅವುಗಳಲ್ಲಿ ಸಾರಜನಕಕ್ಕೆ ದೂರವಾದ ಇಂಗಾಲವು, ತೆರೆದ ಬಾಗಿಲಿನಂತೆ, ಬಂದ ದ್ರವ್ಯವನ್ನು ಬೇಗನೆ ಒಳಗೆ ಕರೆದುಕೊಳ್ಳುವ ಸ್ವಭಾವದ್ದು. ಆದುದರಿಂದಲೇ ಹೊಸ ಔಷಧಗಳನ್ನು ಹುಡುಕುವವರು ಇದನ್ನು ಅಷ್ಟು ಆದರದಿಂದ ಕಾಣುವರು. ೧೮೮೬ರಲ್ಲಿ ಫಿಟ್ಸಿಂಗರ್ ಎಂಬವನು ಇದರಿಂದ ಕ್ವಿನೋಲಿನ್ ಕುಲದ ದ್ರವ್ಯಗಳಿಗೆ ಹಾದಿಯನ್ನು ತೆಗೆದನು. ಇದರ ನೆರೆಯ ದ್ರವ್ಯವಾದ ಆಕ್ಸಿಂಡೋಲಿನ ಚೌಕಟ್ಟಿನ ಮೇಲೆ ಕಟ್ಟಿದ ಸುನಿಟಿನಿಬ್ ಎಂಬ ಔಷಧಕ್ಕೆ, ಮೂತ್ರಪಿಂಡದ ಅರ್ಬುದರೋಗಕ್ಕಾಗಿ ೨೦೦೬ರಲ್ಲಿ ಅಮೇರಿಕೆಯಲ್ಲಿ ಒಪ್ಪಿಗೆ ದೊರೆಯಿತು. ಇಷ್ಟೇ ಅಲ್ಲ, ಐಸಾಟಿನ್ ಮನುಷ್ಯನ ದೇಹದಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಇರುವದೆಂದು ಲಂಡನ್ನಿನ ಸಂಶೋಧಕರು ೧೯೮೮ರಲ್ಲಿ ಗುರುತಿಸಿದರು. ಗಡಿಗೆಯನ್ನು ಮುಟ್ಟದವನ ಮೈಯಲ್ಲಿಯೂ ನೀಲಿಯ ಈ ಹೋಳು ಉಂಟೆಂದಾಯಿತು.

ತಾನು ಕೊನೆಯೂ ಅಲ್ಲದ ಮೊದಲೂ ಅಲ್ಲದ ಇಂಥ ವಸ್ತುವಿನ ಪ್ರಯೋಜನವು ವ್ಯಾಕರಣವನ್ನು ಓದಿದವರಿಗೆ ಹೊಸದಲ್ಲ. ‘ರಾಮಃ’ ಎಂಬ ಪದವನ್ನು ಸಾಧಿಸುವಾಗ ರಾಮ ಶಬ್ದದ ಮೇಲೆ ‘ಸು’ ಪ್ರತ್ಯಯವು ಬರುವದು. ಅದರ ಉಕಾರವು ಹೋಗಿ ಸಕಾರವು ಉಳಿಯುವದು. ಆ ಸಕಾರದ ಸ್ಥಾನದಲ್ಲಿ ‘ರು’ ಎಂಬುದು ಆದೇಶವಾಗಿ ಬರುವದು. ಅದರ ಉಕಾರವೂ ಕಳಚಿ ಉಳಿದ ರೇಫವು ವಿಸರ್ಗವಾದ ಮೇಲೆ ಪದವು ಸಿದ್ಧ. ಆ ‘ರು’ ಎಂಬುದನ್ನು ಲೋಕದಲ್ಲಿ ಯಾರೂ ಉಚ್ಚರಿಸರು, ಯಾರೂ ಕೇಳರು. ಆದರೂ ಅದಿಲ್ಲದೆ ವಿಸರ್ಗವಿಲ್ಲ. ‘ರಾಮೋ ಜಯತಿ’ ಎಂಬಲ್ಲಿಯ ಓಕಾರವಿಲ್ಲ. ‘ಹರಿರ್ಜಯತಿ’ ಎಂಬಲ್ಲಿಯ ರೇಫವಿಲ್ಲ. ಒಂದೇ ನಡುಮೆಟ್ಟಲಿನಿಂದ ಮೂರು ಕೋಣೆಗಳಿಗೆ ಹೋಗಬಹುದು. ಮೆಟ್ಟಲಿನ ಮೇಲೆ ಯಾರೂ ವಾಸ ಮಾಡುವದಿಲ್ಲವೆಂದು ಮೆಟ್ಟಲು ವ್ಯರ್ಥವೇ?

ತರುಣನು ಮುದುಕಿಗೆ ವ್ಯಾಕರಣವನ್ನು ಹೇಳಲಿಲ್ಲ. ಆಕೆಯ ಮುಖವನ್ನು ನೋಡಿ ಬೇರೊಂದನ್ನು ಹೇಳಿದನು. ಈ ಕೆಂಪು ಹರಳಿನಿಂದಲೇ ಒಂದು ಕಾಲಕ್ಕೆ ದೇವಿಬೇನೆಗೆ ಗುಳಿಗೆಯನ್ನು ಮಾಡಿದ್ದರು ಎಂದನು. ಐಸಾಟಿನ್ನಿನ ಸಾರಜನಕಕ್ಕೆ ಮಿಥೈಲ್ ಎಂಬ ಸಣ್ಣ ತುಣುಕನ್ನು ಕೂಡಿಸಿ, ತೆರೆದ ಬಾಗಿಲಿಗೆ ಗಂಧಕವುಳ್ಳ ಇನ್ನೊಂದು ದ್ರವ್ಯವನ್ನು ಹೊಂದಿಸಿದರೆ ಮೆಥಿಸಜೋನ್ ಎಂಬ ಔಷಧವಾಗುವದು. ೧೯೬೩ರಲ್ಲಿ ಬಾವರ್ ಮತ್ತು ಅವರ ಸಂಗಡಿಗರು ಮದ್ರಾಸಿನಲ್ಲಿ ಇದನ್ನು ಪರೀಕ್ಷಿಸಿದರು. ಸಿಡುಬಿನ ರೋಗಿಗಳ ಸಂಪರ್ಕಕ್ಕೆ ಬಂದಿದ್ದ ೧೧೦೧ ಜನರಿಗೆ ಔಷಧವನ್ನು ಕೊಟ್ಟರು. ಅವರಲ್ಲಿ ಮೂವರಿಗೆ ಮಾತ್ರ ಬೇನೆ ಬಂದಿತು, ಅದೂ ಸೌಮ್ಯವಾಗಿ. ಔಷಧವನ್ನು ಕೊಡದಿದ್ದ ೧೧೨೬ ಜನರಲ್ಲಿ ೭೮ ಜನರಿಗೆ ಬೇನೆ ತಗಲಿ ೧೨ ಜನರು ತೀರಿಕೊಂಡರು. ವೈರಾಣುವಿನಿಂದಾಗುವ ರೋಗಕ್ಕೆ ಗುಳಿಗೆಯುಂಟೆಂಬುದೇ ಆಗ ಹೊಸ ಮಾತು.

ಮುದುಕಿಯು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಗುಳಿಗಿ ಮೊದಲ ಬಂದಿದ್ದರ ನಮ್ಮ ಸಣ್ಣ ತಮ್ಮ ಉಳೀತಿದ್ದನೇನೋ?” ಎಂದು ಕೇಳಿದಳು.

ತರುಣನು ಹೌದೆನ್ನಬಹುದಾಗಿತ್ತು, ಅನ್ನಲಿಲ್ಲ. ಆ ಗುಳಿಗೆಯಿಂದ ಅನೇಕರಿಗೆ ವಾಂತಿಯಾಗುತ್ತಿತ್ತು. ಮುಂದಿನ ಕೆಲವು ಪರೀಕ್ಷೆಗಳಲ್ಲಿ ಮದ್ರಾಸಿನಷ್ಟು ಫಲವು ಕಾಣಲಿಲ್ಲ. ಬೇನೆ ಎದ್ದ ಮೇಲೆ ಕೊಟ್ಟರೆ ಉಪಯೋಗವೂ ಆಗುತ್ತಿರಲಿಲ್ಲ. ಸಿಡುಬನ್ನು ನೀಗಿಸಿದ್ದು ೧೭೯೬ರಲ್ಲಿ ಜೆನ್ನರನು ತೋರಿಸಿದ ಲಸಿಕೆ, ಮತ್ತು ಆ ಲಸಿಕೆಯನ್ನು ಹೊತ್ತು ಮನೆಮನೆಗೆ ತಿರುಗಿದವರ ಕಾಲುಗಳು. ಹಿಂದುಸ್ಥಾನದ ಕೊನೆಯ ರೋಗಿಯು ೧೯೭೫ರ ಮೇ ತಿಂಗಳಲ್ಲಿ ಕಂಡುಬಂದಿತು. ೧೯೮೦ರ ಮೇ ತಿಂಗಳಲ್ಲಿ ಜಗತ್ತೇ ಮುಕ್ತವಾಯಿತೆಂದು ಸಾರಲಾಯಿತು. ಇದೆಲ್ಲವನ್ನೂ ಅವನು ಇದ್ದದ್ದು ಇದ್ದಂತೆ ಹೇಳಿ, “ಗುಳಿಗಿ ಅಲ್ಲ ಆಯಿ, ದೇವಿ ಹಾಕಿಸಿದ್ದರ ಉಳೀತಿದ್ದ” ಎಂದು ಮುಗಿಸಿದನು.

ಈ ಮಾತಿಗೆ ಮುದುಕಿಯ ಬಾಯಿಂದ, ಎಪ್ಪತ್ತೈದು ವರ್ಷಗಳಿಂದ ಯಾರ ಮುಂದೂ ಬಾರದಿದ್ದ ಸಂಗತಿಯೊಂದು ಹೊರಬಿದ್ದಿತು. ಆಕೆಯ ತವರೂರು ಸವದತ್ತಿಯ ಹತ್ತಿರದ ಒಂದು ಹಳ್ಳಿ. ಆಕೆ ಏಳು ವರ್ಷದವಳಿದ್ದಾಗ ದೇವಿ ಹಾಕುವವನು ಊರಿಗೆ ಬಂದನು. ತಾಯಿಯು ಹೆದರಿ, ನಾಲ್ಕು ವರ್ಷದ ಮಗನನ್ನು ಬಚ್ಚಿಡೆಂದು ಹೇಳಿದಳು. ಅಕ್ಕನು ತಮ್ಮನನ್ನು ಕಾಳಿನ ಕಣಜದ ಹಿಂದೆ ಕೂಡಿಸಿ ಬಾಯಿಗೆ ಕೈ ಹಿಡಿದು ತಾನೂ ಅಡಗಿದಳು. ಆ ಬೇಸಿಗೆಯಲ್ಲಿ ಇಬ್ಬರಿಗೂ ಬೇನೆ ಬಂದಿತು. ಅಕ್ಕ ಉಳಿದಳು, ತಮ್ಮ ಉಳಿಯಲಿಲ್ಲ. ಇಷ್ಟೇ ಆಗಿದ್ದರೆ ದುಃಖವು ಒಂದು ಮನೆಯದಾಗುತ್ತಿತ್ತು. ಆದರೆ ಓಣಿಯವರು ಬಂದು ಕೇಳಿದಾಗ ತಾಯಿಯು ನಾಚಿಕೆಗೋ ಅಂಜಿಕೆಗೋ, “ದೇವಿ ಹಾಕಿಸಿದ್ದೆವು, ಆದರೂ ಹೋದ” ಎಂದುಬಿಟ್ಟಳು. ಏಳು ವರ್ಷದವಳು ಕೇಳುತ್ತ ನಿಂತಿದ್ದಳು; ಮಾತಾಡಲಿಲ್ಲ. ಮರುವರ್ಷ ದೇವಿ ಹಾಕುವವನು ಬಂದಾಗ ಆ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹಾಕಿಸಿದರೂ ಹೋಗುವದಾದರೆ ಹಾಕಿಸುವದೇಕೆ? ಆ ವರ್ಷ ಆ ಓಣಿಯಲ್ಲಿ ಇನ್ನೆರಡು ಕೂಸುಗಳು ಹೋದವು.

“ನನ್ನ ತಮ್ಮನ್ನ ದೇವಿ ಒಯ್ದಳು ತಮ್ಮಾ. ಆ ಎರಡು ಕೂಸುಗಳನ್ನ ಒಯ್ದದ್ದು ದೇವಿ ಅಲ್ಲ, ನಮ್ಮವ್ವನ ಮಾತು. ನನ್ನ ಬಾಯಿನೂ ಮುಚ್ಚಿತ್ತು” ಎಂದು ಮುದುಕಿಯು ಹೇಳಿದಳು. ಆಕೆಯ ಕಣ್ಣಿನಲ್ಲಿ ನೀರಿರಲಿಲ್ಲ. ಅದು ಯಾವಾಗಲೋ ಮುಗಿದಿತ್ತು.

ಈಗ ತರುಣನು ತಲೆ ತಗ್ಗಿಸಿದನು. ಅವನು ಮನೆಗೆ ಬಂದದ್ದು ಹುಣ್ಣಿಮೆಗಾಗಿ ಅಲ್ಲ. ಎರಡು ವರ್ಷಗಳಿಂದ ಐಸಾಟಿನ್ನಿನಿಂದ ಮೂವತ್ತಾರು ಹೊಸ ದ್ರವ್ಯಗಳನ್ನು ಕಟ್ಟಿ, ಕ್ಷಯರೋಗದ ಸೂಕ್ಷ್ಮಜೀವಿಗಳ ಮೇಲೆ ಪರೀಕ್ಷೆಗೆ ಕಳುಹಿಸಿದ್ದನು. ಮೂವತ್ತೈದು ದ್ರವ್ಯಗಳಿಂದ ಏನೂ ಆಗಲಿಲ್ಲ. ಮೂವತ್ತಾರನೆಯದು ಒಮ್ಮೆ ಫಲವನ್ನು ತೋರಿಸಿತು. ಎರಡನೆಯ ಸಲ ಮಾಡಿದಾಗ ತೋರಿಸಲಿಲ್ಲ, ಮೂರನೆಯ ಸಲವೂ ತೋರಿಸಲಿಲ್ಲ. ಆಗದ ಕೆಲಸದ ವೃತ್ತಾಂತವನ್ನು ಅಚ್ಚುಹಾಕಲು ಯಾರಿಗೂ ಉತ್ಸಾಹವಿಲ್ಲ. ಆದ ಒಂದು ಸಲದ ಅಂಕಿಯನ್ನಷ್ಟೇ ಬರೆದರೆ ಪ್ರಬಂಧವು ನಿಲ್ಲುವದು, ಮುಂದೆ ಕೆಲಸವೂ ದೊರೆಯುವದು. ಸುಳ್ಳನ್ನು ಬರೆಯಬೇಕಾಗಿಯೂ ಇಲ್ಲ; ಎರಡು ಸಾಲುಗಳನ್ನು ಬಿಟ್ಟರೆ ಸಾಕು. ಬಿಡಲೋ ಬರೆಯಲೋ ಎಂಬುದೇ ಅವನನ್ನು ಒಂದು ತಿಂಗಳಿನಿಂದ ತಿನ್ನುತ್ತಿದ್ದ ಪ್ರಶ್ನೆ.

ಅದನ್ನು ಅವನು ತನಗೆ ತಿಳಿದಂತೆ ಮುದುಕಿಗೆ ಬಿಡಿಸಿ ಹೇಳಿದನು. ಆಕೆಗೆ ಸೂಕ್ಷ್ಮಜೀವಿಯೂ ತಿಳಿಯದು, ಪ್ರಬಂಧವೂ ತಿಳಿಯದು; ಆದರೆ ಒಮ್ಮೆ ಹತ್ತಿ ಎರಡನೆಯ ಸಲ ಹತ್ತದ್ದು ಎಂದರೇನೆಂಬುದು ತಿಳಿಯಿತು.

“ಒಮ್ಮೆ ಹತ್ತಿದ್ದು ಬಣ್ಣ ಅಲ್ಲೋ ತಮ್ಮಾ. ತೊಳದ ಮ್ಯಾಲೆ ಉಳದದ್ದು ಬಣ್ಣ” ಎಂದಳು. ಸ್ವಲ್ಪ ತಡೆದು, “ನಿಮ್ಮ ಮುತ್ತ್ಯಾ ಅಡ್ಡಗೆರಿ ಯಾತಕ್ಕ ಎಳೀತಿದ್ದ? ರಾಮದುರ್ಗದವ ದೀಡ ತಿಂಗಳು ಮಗ್ಗದಾಗ ಕುಂತು ಸೀರಿ ನೇದು, ಆಮ್ಯಾಲೆ ಬಣ್ಣ ಹರದು ಹೋದರ ಅವನ ಹೊಟ್ಟಿ ಗತಿ ಏನು? ನಿನ್ನ ಕೆಂಪಿನ ಮ್ಯಾಲೂ ಯಾರೋ ಒಬ್ಬವ ನೇಯಾಕ ಕುಂದರತಾನು” ಎಂದಳು.

ಐಸಾಟಿನ್ನಿನಂಥ ನಡುದ್ರವ್ಯದ ಧರ್ಮವೇ ಅದು. ಅದರ ಮೇಲೆ ಯಾವಾಗಲೂ ಇನ್ನೊಬ್ಬನು ಕಟ್ಟುವನು. ಎರ್ಡ್‌ಮನ್ ಲೊರಾಂರು ಹರಳನ್ನು ಕಂಡಾಗ ಸಿಡುಬಿನ ಯೋಚನೆಯು ಅವರಿಗಿರಲಿಲ್ಲ; ಅವರು ಬರೆದಿಟ್ಟದ್ದು ನಿಜವಾಗಿದ್ದುದರಿಂದಲೇ ನೂರಿಪ್ಪತ್ತು ವರ್ಷಗಳ ತರುವಾಯ ಮದ್ರಾಸಿನಲ್ಲಿ ಅದರ ಮೇಲೆ ಕಾಲಿಡಲು ಬಂದಿತು. ಮದ್ರಾಸಿನ ಫಲದೊಡನೆ ಮುಂದಿನ ನಿಷ್ಫಲವನ್ನೂ ಬರೆದಿಟ್ಟುದರಿಂದ, ಆ ಗುಳಿಗೆಯನ್ನು ನಂಬಿ ಯಾರೂ ಲಸಿಕೆಯನ್ನು ಕೈಬಿಡಲಿಲ್ಲ. ನಡುವಿನ ಮೆಟ್ಟಲು ಕಾಣಿಸದಿದ್ದರೂ ಕೊರತೆಯಿಲ್ಲ, ಅದು ಟೊಳ್ಳಾಗಿರಬಾರದು.

ಮರುದಿನ ಮುಂಜಾನೆ ತರುಣನು ಕಿತ್ತೂರ ಮಾರ್ಗವಾಗಿ ಧಾರವಾಡಕ್ಕೆ ಹೊರಟನು. ಬೈಲಹೊಂಗಲದಲ್ಲಿ ಚೆನ್ನಮ್ಮ ರಾಣಿಯ ಸಮಾಧಿ. ಕಿತ್ತೂರಿನಲ್ಲಿ ಆಕೆಯ ಬಿದ್ದ ಕೋಟೆ. ೧೮೨೪ರ ಅಕ್ಟೋಬರದಲ್ಲಿ ಆ ಕೋಟೆಯು ಗೆದ್ದಿತು; ಡಿಸೆಂಬರದಲ್ಲಿ ಸೋತಿತು. ನಾಡಿನ ಜನರು ಗೆದ್ದ ತಿಂಗಳನ್ನು ಮಾತ್ರ ನೆನಪಿಟ್ಟು ಸೋತ ತಿಂಗಳನ್ನು ಮುಚ್ಚಿಡಲಿಲ್ಲ. ಅದರಿಂದ ರಾಣಿಯ ಕೀರ್ತಿಯು ಕಡಿಮೆಯೂ ಆಗಲಿಲ್ಲ. ಕಿತ್ತೂರಿನಲ್ಲಿ ಬಸ್ಸು ನಿಂತಾಗ ಅವನು ಚೀಲದಿಂದ ವಹಿಯನ್ನು ತೆಗೆದು, ಮೂವತ್ತಾರನೆಯ ದ್ರವ್ಯದ ಮೊದಲನೆಯ ಅಂಕಿಯ ಕೆಳಗೆ ಎರಡನೆಯದನ್ನೂ ಮೂರನೆಯದನ್ನೂ ಬರೆದನು. ಬರೆದು, ಅವುಗಳ ಮುಂದೆ ಒಂದು ಅಡ್ಡಗೆರೆಯನ್ನು ಎಳೆದನು.

ಆ ಗೆರೆಯಿಂದ ಅವನಿಗೆ ಪದವಿಯು ತಡವಾಗಬಹುದು. ಬೈಲಹೊಂಗಲದ ಮನೆಯಲ್ಲಿ ಮಾತ್ರ ಆ ದಿನ ಮುದುಕಿಯು ಹಿತ್ತಲಿಗೆ ಹೋಗಿ, ಸುಣ್ಣ ಬಳಿದು ಎಂದೋ ಮುಚ್ಚಿಹೋದ ಗೋಡೆಯ ಹತ್ತಿರ ಬಿಸಿಲೇರುವವರೆಗೆ ಕುಳಿತಿದ್ದಳು. ಸೊಸೆಯು ಬಂದು ಕರೆದಾಗ, ತನ್ನ ತಮ್ಮನ ಹೆಸರನ್ನು ಹೇಳಿ, ಅವನಿಗೆ ದೇವಿ ಹಾಕಿಸಿರಲಿಲ್ಲವೆಂಬ ಮಾತನ್ನು ಆಕೆಗೂ ತಿಳಿಸಿದಳು.